ಪಿಎಸ್5 ಮಾರಿದರೆ ಅಂಗಡಿಗೆ ಏನಾದರೂ ಉಳಿಯುತ್ತದೆಯೇ? ಕಂಪನಿಗಳೇ ನಷ್ಟಕ್ಕೆ ಮಾರುತ್ತವೆ ಎನ್ನುವುದು ನಿಜವೇ?

ವಿಜಯಪುರದಲ್ಲಿ ಮೊಬೈಲ್ ಮಾರಾಟ-ರಿಪೇರಿ ಅಂಗಡಿ ಇದೆ, ಐದಾರು ಪಿಎಸ್5 (ಸೋನಿಯ ಗೇಮ್ ಆಡುವ ಯಂತ್ರ, ಅಂದರೆ ಕನ್ಸೋಲ್) ತಂದಿಡಬೇಕೆಂದಿದ್ದೇನೆ, ಆದರೆ ಕಂಪನಿಗಳೇ ನಷ್ಟಕ್ಕೆ ಮಾರುತ್ತವಂತೆ, ನನಗೇನು ಉಳಿದೀತು ಎಂದು ಕೇಳಿದ್ದೀರಿ. ಡಬ್ಬಿ, ಅಂದರೆ ಕನ್ಸೋಲ್, ಮಾರಿ ಗಳಿಸುವ ಲೆಕ್ಕ ಬಿಟ್ಟುಬಿಡ್ರಿ. ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಸೋಲ್ಡರಿಂಗ್ ಕಸುಬೇ ಇದರಲ್ಲಿ ರೊಕ್ಕ ತರುವುದು.

ಮೊದಲು ಕಂಪನಿಯ ಲೆಕ್ಕ. ಡಿಜಿಟಲ್ ಸ್ಟೋರಿನಲ್ಲಿ 4,999 ರೂಪಾಯಿಯ ಒಂದು ಗೇಮ್ ಹೋಯಿತೆನ್ನಿ. 18% ಜಿಎಸ್‌ಟಿ ತೆಗೆದರೆ ಉಳಿಯುವುದು 4,236. ಗೇಮ್ ಬೇರೆ ಕಂಪನಿಯದಾದರೆ ಅದರಲ್ಲಿ ವಾಡಿಕೆಯ 30%, ಅಂದರೆ ಸುಮಾರು 1,270 ರೂಪಾಯಿ, ಕನ್ಸೋಲ್ ಕಂಪನಿಯ ಗಲ್ಲಾಕ್ಕೆ. ಒಂದು ಡಬ್ಬಿಯ ಮೇಲೆ 8,000 ರೂಪಾಯಿ ಕೈಬಿಟ್ಟಿದ್ದರೂ ಗಿರಾಕಿ ಏಳನೆಯ ಗೇಮ್ ಕೊಳ್ಳುವಷ್ಟರಲ್ಲಿ ಅಸಲು ಬಂದಿರುತ್ತದೆ. ಡಬ್ಬಿ ಸೋವಿ, ಅದರೊಳಗೆ ಆಡುವುದು ತುಟ್ಟಿ. ಆ 30%ರಲ್ಲಿ ನಿಮಗೆ ಪಾಲಿಲ್ಲ, ಇದೇ ಮುಖ್ಯ ಮಾತು.

ಈ ಲೆಕ್ಕ ತಪ್ಪಿದಾಗ ದೊಡ್ಡವರೂ ಮುಗ್ಗರಿಸಿದ್ದಾರೆ. 2006ರಲ್ಲಿ 60 ಜಿಬಿ ಪಿಎಸ್3 ಬಿಚ್ಚಿ ನೋಡಿದ ಐಸಪ್ಲೈ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ ತಯಾರಿ ಖರ್ಚನ್ನು ಸುಮಾರು 840 ಡಾಲರ್ ಎಂದು ಅಂದಾಜಿಸಿತು. ಮಾರಾಟದ ಬೆಲೆ 599. ಅದರೊಳಗಿನ ಬ್ಲೂ-ರೇ ಡಿಸ್ಕ್ ಓದುವ ಡ್ರೈವ್, ‘ಸೆಲ್’ ಎಂಬ ಮುಖ್ಯ ಚಿಪ್ ಎರಡೂ ಆಗ ಹೊಸವು, ತುಟ್ಟಿ. ಆ ಹಣಕಾಸು ವರ್ಷ ಸೋನಿಯ ಗೇಮ್ ವಿಭಾಗಕ್ಕೆ 23,230 ಕೋಟಿ ಯೆನ್ ನಷ್ಟ. ಮೈಕ್ರೋಸಾಫ್ಟಿನ ಕನ್ಸೋಲ್ ಎಕ್ಸ್‌ಬಾಕ್ಸ್ 360ರಲ್ಲಿ ಕಾದು ತಣಿದು ಬೆಸುಗೆಯ ಸಂದುಗಳು ಬಿರುಕುಬಿಟ್ಟು ಕೆಂಪು ದೀಪ ಹತ್ತತೊಡಗಿದಾಗ, ಆ ಕಂಪನಿ 2007ರಲ್ಲಿ ವಾರಂಟಿಗೆಂದೇ 100 ಕೋಟಿ ಡಾಲರ್‌ಗೂ ಹೆಚ್ಚು ತೆಗೆದಿಡಬೇಕಾಯಿತು. ಜಪಾನಿನ ಸೆಗಾ ಕಂಪನಿ ಅಂತೂ 2001ರಲ್ಲಿ ತನ್ನ ಡ್ರೀಮ್‌ಕಾಸ್ಟ್ ನಿಲ್ಲಿಸಿ ಕನ್ಸೋಲ್ ವ್ಯಾಪಾರದಿಂದಲೇ ಹೊರಬಿತ್ತು.

ಮೊದಲು ಈ ನಷ್ಟವನ್ನು ಸರಿಪಡಿಸುತ್ತಿದ್ದುದು ಕಾಲ. ಚಿಪ್ ಸಣ್ಣದಾದಂತೆ ಕರೆಂಟು ಕಡಿಮೆ ಸಾಕು. ಹೀಟ್‌ಸಿಂಕ್ (ಚಿಪ್ಪಿನ ಕಾವು ಹೊರಹಾಕುವ ಲೋಹ), ಪವರ್ ಸಪ್ಲೈ, ಪೆಟ್ಟಿಗೆ, ಸಾಗಣೆ ಎಲ್ಲದರ ಖರ್ಚು ಇಳಿಯುತ್ತಿತ್ತು. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇದ್ದ ಪಿಎಸ್2, 2009ಕ್ಕೆ 99ಕ್ಕೆ ಬಂತು. ಈಗ ಆ ಹಾದಿ ಮುಚ್ಚಿದಂತಿದೆ. ಪಿಎಸ್5 ಚಿಪ್ 2022ರಲ್ಲಿ 7 ನ್ಯಾನೋಮೀಟರ್‌ನಿಂದ 6ಕ್ಕೆ ಇಳಿಯಿತು, ಬೆಲೆ ಮಾತ್ರ ಇಳಿಯಲಿಲ್ಲ. ಹೊಸ ವಿಧಾನದ ಚಿಪ್ಪಿಗೆ ತಯಾರಿ ಖರ್ಚೇ ಜಾಸ್ತಿ. ನಮ್ಮಲ್ಲಿ 2021ರ ಫೆಬ್ರುವರಿಯಲ್ಲಿ 49,990ಕ್ಕೆ ಬಂದ ಡಿಸ್ಕ್ ಮಾದರಿ (ಗೇಮಿನ ಡಿಸ್ಕ್ ಹಾಕಿ ಆಡುವಂಥದು), 2022ರ ನವೆಂಬರ್‌ನಲ್ಲಿ 54,990 ಆಯಿತು. ಹಳೆಯದಾದಷ್ಟೂ ತುಟ್ಟಿಯಾಗುವ ಯಂತ್ರ ಇದು.

ಆ 54,990ರಲ್ಲಿ 8,388 ರೂಪಾಯಿ ಜಿಎಸ್‌ಟಿಯೇ. ಉಳಿದುದರಲ್ಲಿ ಅಂಗಡಿಗೆ ಬಿಡುವ ಅಂತರ ತೀರಾ ತೆಳು, ಆನ್‌ಲೈನ್ ಹಬ್ಬದ ಸೇಲ್ ಬಂದರೆ ಅದೂ ಹೋಗುತ್ತದೆ. ಆರು ಡಬ್ಬಿ ಎಂದರೆ ಮೂರು ಲಕ್ಷದ ಬಂಡವಾಳ ಕಪಾಟಿನಲ್ಲಿ ಕೂತಂತೆ. ಉದ್ರಿ ಕೊಟ್ಟಿರೋ, ಮುಗಿಯಿತು.

ಇನ್ನು ನಿಮಗೆ ಸಲ್ಲುವ ಕೆಲಸ. ಗೇಮ್ ಆಡಲು ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಹೊಸದು ತಗೊಂಡರೆ ಸುಮಾರು ಆರು ಸಾವಿರ. ಹೆಬ್ಬೆರಳಿನಿಂದ ಆಡಿಸುವ ಅದರ ಕಡ್ಡಿ (ಸ್ಟಿಕ್) ತಾನಾಗಿಯೇ ಒಂದು ಕಡೆ ಸರಿಯುವ ‘ಡ್ರಿಫ್ಟ್’ ದೋಷ ಬಹಳ ಸಾಮಾನ್ಯ. ಕಡ್ಡಿಯ ಎರಡು ಮಗ್ಗುಲಿಗೆ ಅದು ಎತ್ತ ವಾಲಿದೆ ಎಂದು ಅಳೆಯುವ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ. ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ. ಸ್ಪ್ರೇ ಹೊಡೆದರೆ ಕೆಲವು ದಿನ ಸುಮ್ಮನಿದ್ದು ಮತ್ತೆ ಶುರು. ಕಡ್ಡಿ, ಪೊಟೆನ್ಶಿಯೋಮೀಟರ್ ಕೂಡಿದ ಇಡೀ ಮಾಡ್ಯೂಲ್ ಬದಲಿಸುವುದೇ ಸರಿ.

ಕಂಟ್ರೋಲರಿನ ಮುಂದಿನ ಕಪ್ಪು ಪಟ್ಟಿ ಕಿತ್ತು, ಮೇಲಂಚಿನ ಎಲ್1-ಆರ್1 ಗುಂಡಿ ಎಬ್ಬಿಸಿದರೆ ಎರಡು ಸ್ಕ್ರೂ, ಹಿಡಿಕೆಯ ಬದಿಗೆ ಇನ್ನೆರಡು. ಹಿಂಬದಿ ಚಿಪ್ಪನ್ನು ಜಗ್ಗಬೇಡಿ, ಒಳಗೆ ತೆಳು ಪಟ್ಟಿ ಕೇಬಲ್ಲುಗಳಿವೆ. ಮೊದಲು ಬ್ಯಾಟರಿ ಬಿಡಿಸಿ. ಒಂದು ಮಾಡ್ಯೂಲಿಗೆ ಬೆಸುಗೆ 14 ಕಡೆ. ಕೆಲಸ ಕೆಡುವುದು ಇಲ್ಲೇ. ಕಂಪನಿಯ ಬೆಸುಗೆ ಸೀಸ ಇಲ್ಲದ್ದು, ತಡವಾಗಿ ಕರಗುತ್ತದೆ. ದಪ್ಪ ಗ್ರೌಂಡ್ ಕಾಲುಗಳು ಕಾವನ್ನೆಲ್ಲ ಎಳೆದುಕೊಳ್ಳುತ್ತವೆ. ಅವಸರಕ್ಕೆ ಎಳೆದರೆ ಪ್ಯಾಡ್ (ಬೆಸುಗೆ ಕೂರುವ ತಾಮ್ರದ ತುಣುಕು) ಸಮೇತ ಬರುತ್ತದೆ, ಬೋರ್ಡ್ ಹೋದಂತೆಯೇ. ಬೆಸುಗೆ ಹರಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಪ್ರತಿ ಕಾಲಿಗೂ ಸೀಸದ ಬೆಸುಗೆ ಸ್ವಲ್ಪ ಸೇರಿಸಿ, ಆಮೇಲೆ ಡಿಸೋಲ್ಡರಿಂಗ್ ಪಂಪಿನಿಂದ ಒಂದೊಂದೇ ತೂತು ಖಾಲಿ ಮಾಡಿ. 14 ತೂತಿನಾಚೆಯೂ ಬೆಳಕು ಕಂಡ ಮೇಲೆ ಮಾಡ್ಯೂಲ್ ತಾನಾಗಿ ಕಳಚಿ ಬೀಳಬೇಕು. ಹೊಸದು ಕೂಡಿಸಿದ ಮೇಲೆ ಕೇಂದ್ರ ಕ್ಯಾಲಿಬ್ರೇಶನ್ (ಕಡ್ಡಿಯ ನಡುಬಿಂದು ಗೊತ್ತುಮಾಡುವುದು) ಮಾಡಲೇಬೇಕು, ಇಲ್ಲದಿದ್ದರೆ ಹೊಸ ಕಡ್ಡಿಯೂ ಸರಿಯುತ್ತದೆ, ಗಿರಾಕಿ ಮರುದಿನವೇ ಬಾಗಿಲಿಗೆ ಬರುತ್ತಾನೆ. ಕಾಂತದಿಂದ ಕೆಲಸ ಮಾಡುವ ಹಾಲ್ ಮಾಡ್ಯೂಲ್ ಹಾಕಿದರೆ ಉಜ್ಜುವ ಭಾಗವೇ ಇಲ್ಲ, ಹೆಚ್ಚು ದಿನ ಬಾಳುತ್ತದೆ. ಅದಕ್ಕೆ ಕ್ಯಾಲಿಬ್ರೇಶನ್ ಇನ್ನೂ ಎಚ್ಚರದಿಂದ ಆಗಬೇಕು.

ಎರಡನೆಯದು ಧೂಳು. ನಮ್ಮ ಕಡೆಯ ಏಪ್ರಿಲ್-ಮೇ ಸೆಕೆಯಲ್ಲಿ ಫ್ಯಾನಿನ ಸದ್ದು ಜೋರಾಗಿ ಕನ್ಸೋಲ್ ತಾನೇ ಆರುತ್ತಿದೆ ಎಂದು ತಂದರೆ, ಮೊದಲು ಪಕ್ಕದ ಬಿಳಿ ಹಲಗೆ ತೆಗೆಯಿರಿ. ಧೂಳು ಸೇರುವ ಎರಡು ತೂತುಗಳಿವೆ, ವ್ಯಾಕ್ಯೂಮ್ ಹಿಡಿದರೆ ಸಾಕು. ಹೀಟ್‌ಸಿಂಕ್ ಬಿಚ್ಚಲು ಹೋಗಬೇಡಿ: ಚಿಪ್ ಮೇಲಿರುವುದು ಮಾಮೂಲಿ ಪೇಸ್ಟ್ ಅಲ್ಲ, ಕರೆಂಟು ಹರಿಯಬಿಡುವ ದ್ರವ ಲೋಹ. ಒಂದು ಹನಿ ಪಕ್ಕಕ್ಕೆ ಜಾರಿದರೂ ಬೋರ್ಡ್ ಶಾರ್ಟ್. ಟಿವಿಯ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಪೋರ್ಟ್ ಮುರಿದಿದ್ದರೆ ಬದಲಿಸಲು ಆ ಲೋಹದ ತನಕ ಹೋಗಲೇಬೇಕು, ಹಾಗಾಗಿ ಆ ಕೆಲಸಕ್ಕೆ ಕೈ ಪಳಗಿದ ಮೇಲೆಯೇ ಒಪ್ಪಿಕೊಳ್ಳಿ.

ಮೂರನೆಯದು ಹಳೆಯ ಗೇಮ್ ಡಿಸ್ಕ್. 1,800ಕ್ಕೆ ಕೊಂಡು 2,400ಕ್ಕೆ ಮಾರಿದಿರೆನ್ನಿ. ಖರೀದಿಯ ಮೇಲೆ ತೆರಿಗೆ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ತಗೊಂಡಿಲ್ಲವಾದರೆ ಹಳೆಯ ವಸ್ತುವಿಗೆ ಜಿಎಸ್‌ಟಿ ಬರುವುದು ಅಂತರದ 600ರ ಮೇಲೆ ಮಾತ್ರ. 18% ಹಿಡಿದರೆ ಸುಮಾರು 92 ರೂಪಾಯಿ, ಕೈಗುಳಿಯುವುದು ಐನೂರರ ಮೇಲೆ. ಅದೇ ಡಿಸ್ಕ್ ಮತ್ತೆ ನಿಮ್ಮಲ್ಲಿಗೇ ಬರಬಹುದು. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ಯಂತ್ರದಲ್ಲಿ ಪೂರ್ತಿ ಇನ್‌ಸ್ಟಾಲ್ ಆಗುವತನಕ ರೊಕ್ಕ ಎಣಿಸಬೇಡಿ. ಗೀರು ಬಿದ್ದ ಡಿಸ್ಕ್ ಅರ್ಧಕ್ಕೆ ನಿಲ್ಲುವುದುಂಟು. ಇದೆಲ್ಲ ನಡೆಯುವುದು ಡಿಸ್ಕ್ ಡ್ರೈವ್ ಇರುವ ಮಾದರಿಯಲ್ಲಿ ಮಾತ್ರ, ಅದಕ್ಕೇ ಗಿರಾಕಿ ಕೇಳಿದರೆ ಡಿಸ್ಕ್ ಮಾದರಿಯನ್ನೇ ಹೇಳಿ.

ಆರು ಬೇಡ, ಒಂದೇ ತನ್ನಿ, ಡಿಸ್ಕ್ ಮಾದರಿಯದು. ಅದು ಮಾರಾಟಕ್ಕಲ್ಲ, ಕಂಟ್ರೋಲರ್, ಡಿಸ್ಕ್ ಪರೀಕ್ಷೆಗೆ. ಹೊಸ ಕನ್ಸೋಲ್ ಕೇಳಿ ಬಂದವರಿಂದ ಮುಂಗಡ ತಗೊಂಡು ಆಮೇಲೆ ತರಿಸಿ. ಕಡ್ಡಿಯ ಮಾಡ್ಯೂಲ್ ಮಾತ್ರ ಬೇಸಿಗೆ ರಜೆಗೆ ಮುಂಚೆ, ಮಾರ್ಚ್ ಹೊತ್ತಿಗೇ ಇಪ್ಪತ್ತು ತರಿಸಿಟ್ಟುಕೊಳ್ರಿ.