ಶಿವಮೊಗ್ಗದಲ್ಲಿ ಧ್ರುವ ನಕ್ಷತ್ರ ಅಷ್ಟು ಕೆಳಗೆ ಕಾಣುವುದೇಕೆ?

ದೆಹಲಿಯ ಎನ್‌ಸಿಸಿ ಶಿಬಿರದಲ್ಲಿ ಸಾಕಷ್ಟು ಎತ್ತರದಲ್ಲಿದ್ದ ಧ್ರುವ ನಕ್ಷತ್ರ ನಮ್ಮೂರಿನಲ್ಲಿ ಗುಡ್ಡದ ನೆತ್ತಿಗೆ ತಾಗಿದಂತಿರುವುದೇಕೆ ಎಂದು ಕೇಳಿದ್ದೀರಿ. ಕಾರಣ ಅಕ್ಷಾಂಶ. ಭೂಮಿಯ ಅಕ್ಷವನ್ನು ಉತ್ತರಕ್ಕೆ ಚಾಚಿದರೆ ಅದು ಹೆಚ್ಚುಕಡಿಮೆ ಈ ನಕ್ಷತ್ರದತ್ತಲೇ ಸಾಗುತ್ತದೆ. ಆದ್ದರಿಂದ ಉತ್ತರ ಧ್ರುವದಲ್ಲಿ ನಿಂತವರಿಗೆ ಅದು ನೆತ್ತಿಯ ಮೇಲಿರುತ್ತದೆ, ಸಮಭಾಜಕ ವೃತ್ತದಲ್ಲಿ ನಿಂತವರಿಗೆ ದಿಗಂತಕ್ಕೆ ಇಳಿದಿರುತ್ತದೆ, ನಡುವಿನ ಊರುಗಳಲ್ಲಿ ಆಯಾ ಊರಿನ ಅಕ್ಷಾಂಶದಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ದೆಹಲಿಗೆ ಅದು ಸುಮಾರು 28.6 ಡಿಗ್ರಿ, ಶಿವಮೊಗ್ಗಕ್ಕೆ ಸುಮಾರು 14.

ಅಳೆಯುವುದು ಸುಲಭ. ತೋಳನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸರಿಸುಮಾರು 10 ಡಿಗ್ರಿ. ದಿಗಂತದಿಂದ ಮೇಲಕ್ಕೆ ಒಂದೂವರೆ ಮುಷ್ಟಿಗೆ ತುಸು ಕಡಿಮೆ ಎತ್ತರದಲ್ಲಿ ಹುಡುಕಿ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲದ ಚೌಕದಲ್ಲಿ ಬಾಲದಿಂದ ದೂರದ ಬದಿಯಲ್ಲಿರುವ ಎರಡು ನಕ್ಷತ್ರಗಳಾದ ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದೇ ದಿಕ್ಕಿನಲ್ಲಿ ಅವೆರಡರ ಅಂತರದ ಐದು ಪಟ್ಟು ಮುಂದುವರಿದರೆ ಅದು ಸಿಗುತ್ತದೆ. ಮಳೆಗಾಲದಲ್ಲಂತೂ ಈ ಪ್ರಯತ್ನ ಬೇಡ.

ತೀರ್ಥಹಳ್ಳಿ, ಹೊಸನಗರದ ಕಡೆ ಉತ್ತರಕ್ಕೆ ಗುಡ್ಡವೋ ಎತ್ತರದ ಅಡಿಕೆ ತೋಟವೋ ಅಡ್ಡವಿದ್ದರೆ 14 ಡಿಗ್ರಿಯ ನಕ್ಷತ್ರ ಮರೆಯಾಗಿಬಿಡುತ್ತದೆ. ಉತ್ತರಕ್ಕೆ ತೆರೆದ ಗದ್ದೆ ಬಯಲು ಅಥವಾ ಕೆರೆ ಏರಿ ಉತ್ತಮ. ಧ್ರುವ ನಕ್ಷತ್ರವು ಭೂಮಿಯ ಅಕ್ಷ ನೇರವಾಗಿ ತೋರುವ ನಿಜವಾದ ಧ್ರುವಬಿಂದುವಿನಿಂದ ಒಂದು ಡಿಗ್ರಿಗಿಂತ ಕಡಿಮೆ ಸರಿದಿರುವುದರಿಂದ, ಮುಷ್ಟಿಯ ಅಳತೆಯಲ್ಲಿ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.