ಬಯಲಾಟದ ಕೂಸು, ಸಭಾಂಗಣದ ಕೂಸು

ತಂಗಿ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದ್ದೆ, ಬೆಳಿಗ್ಗೆ ಚಾ ಕುಡಿದು ಸಾವಕಾಶ ಬರೆಯೋಣ ಅಂತ ಬಿಟ್ಟೆ. ಕಾರವಾರದಲ್ಲಿ ನಾಲ್ಕು ವರ್ಷದ ಮಗಳನ್ನು ಮಕ್ಕಳ ನಾಟಕಕ್ಕೆ ಕರೆದುಕೊಂಡು ಹೋದಿರಿ. ದೀಪ ಆರಿದ್ದೇ ಅವಳು ಅಳಲು ಶುರು ಮಾಡಿದಳು, ಮುಂದಿನ ಸಾಲಿನವರು ತಿರುತಿರುಗಿ ನೋಡಿದರು, ನೀವು ಅರ್ಧಕ್ಕೆ ಎದ್ದು ಬಂದಿರಿ. ಈಗ ತವರು ಶಿರಸಿಗೆ ಬಂದಾಗ ಸಭಾಂಗಣದಲ್ಲಿ ಕಾಲಮಿತಿ ಯಕ್ಷಗಾನ (ರಾತ್ರಿಯಿಡೀ ಅಲ್ಲ, ಕೆಲವೇ ತಾಸಿನದ್ದು) ಇದೆ, ಕರೆದೊಯ್ಯಲೋ ಬೇಡವೋ. ಇಷ್ಟೇ ಅಲ್ಲವಾ?

ಕರೆದುಕೊಂಡು ಹೋಗಿ. ಆದರೆ ಮೇಲೆ ಒಬ್ಬರು ಬರೆದಿದ್ದಾರೆ, "ಮಕ್ಕಳು ಅಂದ್ರೆ ಹಾಗೇ, ಉಳಿದವರು ಸಹಿಸ್ಕಬೇಕು" ಅಂತ. ಅದನ್ನು ನಾನು ಒಪ್ಪುವುದಿಲ್ಲ. "ಶಾಲೆ ಸೇರುವವರೆಗೆ ತರಲೇಬಾರದು" ಅಂದವರದ್ದನ್ನೂ ಒಪ್ಪುವುದಿಲ್ಲ. ಗುಣವಂತೆಯಲ್ಲಿ 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಕೆರೆಮನೆ ಯಕ್ಷಗಾನ ಮೇಳ ಈಗ ನಾಲ್ಕನೇ ತಲೆಮಾರಿಗೆ ಬಂದಿದೆ. ಆ ಮನೆಯ ಮಕ್ಕಳು ಶಾಲೆಗೆ ಹೋಗುವವರೆಗೆ ಚಂಡೆ ಕೇಳದೆ ಇದ್ದರು ಅಂತ ಯಾರಾದರೂ ನಂಬುತ್ತೀರಾ?

ನನ್ನ ಪರಿಚಯ ಇಲ್ಲದವರಿಗೆ: ನಮ್ಮದೊಂದು ಹವ್ಯಾಸಿ ತಂಡ, ನಾನು ನಟ ಅಲ್ಲ. ಟಿಕೆಟ್ ಹರಿದು ಬಾಗಿಲ ಹತ್ತಿರ ನಿಲ್ಲುವವ. ಹಾಗಾಗಿ ನಾಟಕಕ್ಕಿಂತ ಹೆಚ್ಚು ನಾನು ನೋಡಿದ್ದು ಪ್ರೇಕ್ಷಕರನ್ನೇ.

ನಮ್ಮ ಕಡೆಯವರಿಗೆ ತಿಳಿಯದೆ ಆಗುವ ಎಡವಟ್ಟು ಒಂದಿದೆ. ನಾವೆಲ್ಲ ಬಯಲಾಟ ನೋಡಿ ಬೆಳೆದವರು. ಕೊಯ್ದ ಗದ್ದೆಯಲ್ಲಿ ಕಂಬಳಿ ಹಾಸಿ ಕೂತರೆ ಮಕ್ಕಳು ಅಲ್ಲೇ ಮಲಗುತ್ತಿದ್ದರು, ರಾಕ್ಷಸನ ವೇಷ ಬರುವಾಗ ಅಜ್ಜಿ ತಟ್ಟಿ ಎಬ್ಬಿಸುತ್ತಿದ್ದಳು. ಮಧ್ಯೆ ಶೇಂಗಾ, ಚಾ, ಓಡಾಟ. ಯಾರೂ ಯಾರಿಗೂ "ಶ್" ಅಂದದ್ದಿಲ್ಲ, ಅನ್ನುವ ಅಗತ್ಯವೂ ಇರಲಿಲ್ಲ. ಚಂಡೆಯ ಎದುರು ಯಾವ ಕೂಸಿನ ಅಳು ಕೇಳೀತು? ಸಭಾಂಗಣದ ನಾಟಕ ಹಾಗಲ್ಲ. ಕತ್ತಲು, ಸಾಲು ಕುರ್ಚಿ, ಎಷ್ಟೋ ಸಲ ಮೈಕಿಲ್ಲದ ಮಾತು. ಅಲ್ಲಿ ಒಂದು ಚಿಪ್ಸ್ ಪ್ಯಾಕೆಟ್ ಚರಚರ ಅಂದರೆ ಕೊನೆಯ ಸಾಲಿಗೂ ಗೊತ್ತಾಗುತ್ತದೆ. ಕೂಸು ಅದೇ, ಜಾಗ ಬೇರೆ. ಜಾಗ ಬೇರೆ ಅಂತ ಅವಳಿಗೆ ಯಾರೂ ಹೇಳಿಲ್ಲ, ಅಷ್ಟೇ.

ಹೇಳಬೇಕಾದವರು ನೀವು, ಅದೂ ಹಿಂದಿನ ದಿನವೇ. "ದೀಪ ಆರಿಸ್ತಾರೆ, ಆಮೇಲೆ ಮುಂದೆ ಮಾತ್ರ ಬೆಳಕು ಬರ್ತದೆ, ನಾನು ನಿನ್ನ ಕೈ ಹಿಡ್ಕೊಂಡೇ ಇರ್ತೆ." ಮನೆಯಲ್ಲಿ ಒಂದು ಸಲ ದೀಪ ಆರಿಸಿ ಟಾರ್ಚ್ ಹಾಕಿ ಆಡಿಯೇ ಬಿಡಿ, ಅದು ಅವಳಿಗೆ ಆಟವಾಗುತ್ತದೆ. ಕತೆಯನ್ನೂ ಪೂರ್ತಿ ಹೇಳಿ, ಕೊನೆ ಸಮೇತ. ದೊಡ್ಡವರಿಗೆ ಕೊನೆ ಗೊತ್ತಾದರೆ ರುಚಿ ಹೋಗಬಹುದು, ಸಣ್ಣ ಮಕ್ಕಳಿಗೆ ಗೊತ್ತಿದ್ದದ್ದು ಬಂದಾಗಲೇ ಖುಷಿ. ನಿಮ್ಮ ಮನೆಮಾತು ಕೊಂಕಣಿ ಅಂತ ಬರೆದಿದ್ದೀರಿ, ಹಾಗಾದರೆ ಕತೆ ಕೊಂಕಣಿಯಲ್ಲೇ ಹೇಳಿ. ಯಕ್ಷಗಾನದ ಕನ್ನಡ ದೊಡ್ಡವರಿಗೇ ಕೆಲವು ಕಡೆ ತಪ್ಪಿಹೋಗುತ್ತದೆ, ಆ ಕೂಸಿಗೆ ಎಂತ ಅರ್ಥ ಆಗಬೇಕು? ಅರ್ಥ ಆಗದ ಮಗುವೇ ಮೊದಲು ಕುರ್ಚಿ ಒದೆಯಲು ಶುರು ಮಾಡುವುದು.

ಬಣ್ಣದ ವೇಷದ, ಅಂದರೆ ಮುಖಕ್ಕೆ ದಪ್ಪ ಬಣ್ಣ ಬಳಿದ ರಾಕ್ಷಸನಂಥ ವೇಷದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ನಾನೇ ಸುಟ್ಟುಕೊಂಡವ. ನಮ್ಮ ಮಾಣಿಗೆ ಆಗ ಮೂರೂವರೆ ವರ್ಷ. ರಾಕ್ಷಸನ ಒಡ್ಡೋಲಗ (ರಂಗಕ್ಕೆ ಬರುವ ಅಬ್ಬರದ ಪ್ರವೇಶ), ಒಳಗಿನಿಂದ ಆರ್ಭಟ, ಚಂಡೆ ಏರುತ್ತಿದೆ. ಅವ ಕಿಟಾರನೆ ಕಿರುಚಿದ. ನಾನು, ಬಾಗಿಲು ಕಾಯುವವನ ಮಗನೇ ಹೀಗಾ ಅಂತ ಮರ್ಯಾದೆಗೆ ಹೆದರಿ, ಬಾಯಿ ಒತ್ತಿ ಹಿಡಿದು ಕೂರಿಸಿದೆ. ಮುಂದೆ ಎರಡು ವರ್ಷ ಯಕ್ಷಗಾನದ ಆಟ ಅಂದರೆ ಮಂಚದ ಅಡಿಗೆ ಹೋಗಿ ಕೂರುತ್ತಿದ್ದ. ಕೊನೆಗೆ ಒಂದು ದಿನ ಆಟಕ್ಕಿಂತ ಎರಡು ತಾಸು ಮೊದಲೇ ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋದೆ. ಅರ್ಧ ಮುಖಕ್ಕೆ ಬಣ್ಣ ಬಳಿದುಕೊಂಡ ಕಲಾವಿದರು ಲೋಟದಲ್ಲಿ ಚಾ ಕುಡಿಯುತ್ತಿದ್ದರು. ಇವನನ್ನು ನೋಡಿ "ಬಾರೋ ತಮಾ, ಬಿಸ್ಕಿಟ್ ಬೇಕಾ?" ಅಂದರು. ಅವತ್ತು ಅದೇ ರಾಕ್ಷಸ ರಂಗಕ್ಕೆ ಬಂದಾಗ ಇವ ಪಕ್ಕದವರಿಗೆಲ್ಲ "ಅವ್ರು ಚಾ ಕುಡ್ದಿದ್ರು" ಅಂತ ಹೇಳಿದ್ದೇ ಹೇಳಿದ್ದು. ಅದೂ ಗದ್ದಲವೇ, ಆದರೆ ಯಾರೂ ಬೈಯಲಿಲ್ಲ.

ಹಾಗಾಗಿ ಸಾಧ್ಯವಾದರೆ ಮೊದಲು ಚೌಕಿ ತೋರಿಸಿ. ಕೇಳಿ ಒಳಗೆ ಹೋಗಿ, ಚಪ್ಪಲಿ ಹೊರಗೆ ಬಿಡಿ, ಅಲ್ಲಿ ಗಣಪತಿ ಪೂಜೆ ಇರುತ್ತದೆ. ಕಿರೀಟ ಮುಟ್ಟಲು ಬಿಡಬೇಡಿ, ಫೋಟೋಕ್ಕೂ ಕೇಳಿಯೇ ಕೈ ಹಾಕಿ. ರಂಗದಲ್ಲಿ ಇಬ್ಬರು ತೆರೆ ಹಿಡಿದುಕೊಂಡು ಬಂದರು ಅಂದರೆ ನಿಮಗೆ ಸೂಚನೆ, ದೊಡ್ಡ ವೇಷ ಬರುವುದಿದೆ. ಆಗಲೇ ಮಗಳನ್ನು ತೊಡೆ ಮೇಲೆ ತೆಗೆದುಕೊಳ್ಳಿ.

ಕೂರುವ ಜಾಗ. ಮಕ್ಕಳು ಹತ್ತಿರದಿಂದ ನೋಡಲಿ ಅಂತ ಎಲ್ಲರೂ ಮುಂದಿನ ಸಾಲಿಗೆ ನುಗ್ಗುತ್ತಾರೆ. ಮೊದಲ ಸಲಕ್ಕೆ ಅದು ಬೇಡ. ಮಧ್ಯದ ಸಾಲು, ಓಡಾಡುವ ದಾರಿಯ ಪಕ್ಕದ ಕುರ್ಚಿ, ಬಾಗಿಲು ಕಣ್ಣಿಗೆ ಕಾಣುವಂತೆ. ಚಂಡೆ ಯಾವ ಬದಿಗಿದೆ, ಸ್ಪೀಕರ್ ಎಲ್ಲಿಟ್ಟಿದ್ದಾರೆ ನೋಡಿ ಅದರಿಂದ ದೂರ ಕೂರಿ. ಎಷ್ಟೋ ಮಕ್ಕಳು ಅಳುವುದು ವೇಷಕ್ಕಲ್ಲ, ಶಬ್ದಕ್ಕೆ. ಮಳೆಗಾಲ ಬೇರೆ, ಒದ್ದೆ ಕೊಡೆ, ರೇನ್‌ಕೋಟು ಬಾಗಿಲಲ್ಲೇ ಬಿಟ್ಟು ಬನ್ನಿ. ತಿಂಡಿ ಮೊದಲೇ ತಿನ್ನಿಸಿ, ಕೈಗೆ ಬೇಕೇ ಬೇಕು ಅಂದರೆ ಬಾಳೆಹಣ್ಣು ಕೊಡಿ, ಸದ್ದಿಲ್ಲ. ಒಂದಕ್ಕೆ ಮಾಡಿಸಿಕೊಂಡು ಬರುವುದು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ, ಆದರೂ ಪ್ರತಿ ಸಲ ಹತ್ತನೇ ನಿಮಿಷಕ್ಕೆ ನನ್ನ ಬಾಗಿಲಿಗೆ ಮೆರವಣಿಗೆ ಬಂದೇ ಬರುತ್ತದೆ.

ಇನ್ನು ಎದ್ದು ಹೊರಗೆ ಹೋಗುವುದು ಯಾವಾಗ? ನಾನು ನೋಡುವ ಗುರುತು ಒಂದೇ. ಮಗು ರಂಗದ ಕಡೆ ನೋಡುತ್ತ ಕೂಗಿದರೆ ಅದು ಆಟದ್ದೇ ಭಾಗ. "ಹಿಂದೆ ಇದ್ದಾನೆ, ಹಿಂದೆ!" ಅಂತ ಕೂಗುವ ಮಕ್ಕಳಿಗಾಗಿಯೇ ಮಕ್ಕಳ ನಾಟಕದ ನಟರು ಕಾಯುತ್ತಿರುತ್ತಾರೆ, ಹಾಸ್ಯಗಾರನಿಗಂತೂ ಅದು ಹಬ್ಬ. ರಂಗಕ್ಕೆ ಬೆನ್ನು ಹಾಕಿ ಕೂಗತೊಡಗಿದರೆ, ಕುರ್ಚಿ ಹತ್ತಿ ಇಳಿದು ಮಾಡಿದರೆ, ಹೊತ್ತು ಮುಗಿಯಿತು. ಆಗ "ಶ್, ಶ್" ಅನ್ನುತ್ತ ಹತ್ತು ನಿಮಿಷ ಎಳೆಯಬೇಡಿ. ಆ "ಶ್" ಮಗುವಿನ ಅಳುವಿಗಿಂತ ಹೆಚ್ಚು ಕೇಳಿಸುತ್ತದೆ, ಬಾಗಿಲಲ್ಲಿ ನಿಂತವನ ಮಾತು ನಂಬಿ. ಎತ್ತಿಕೊಂಡು ಹೊರಗೆ ಬನ್ನಿ, ಮಳೆ ತೋರಿಸಿ, ನೀರು ಕುಡಿಸಿ, ಸಮಾಧಾನವಾದರೆ ಪದ್ಯವೋ ದೃಶ್ಯವೋ ಮುಗಿದಾಗ ಮತ್ತೆ ಒಳಗೆ ಹೋಗಿ. ಆಗದಿದ್ದರೆ ಮನೆಗೆ. ಪೂರ್ತಿ ನೋಡಲೇಬೇಕು ಅಂತ ಟಿಕೆಟ್ ಮೇಲೆ ಬರೆದಿಲ್ಲ. ನಾಲ್ಕು ವರ್ಷಕ್ಕೆ ಒಂದು ತಾಸು ಕೂತರೆ ನನ್ನ ಲೆಕ್ಕದಲ್ಲಿ ಬೇಕಾದಷ್ಟಾಯಿತು. ನೀವು ಕಾರವಾರದಲ್ಲಿ ಎದ್ದು ಬಂದದ್ದು ಸೋಲು ಅಂತ ಬರೆದಿದ್ದೀರಲ್ಲ, ಸರಿಯಾದ್ದನ್ನೇ ಮಾಡಿದ್ದೀರಿ.

ವಿದೇಶದಲ್ಲಿ ಕೆಲವು ರಂಗಮಂದಿರಗಳು ಆಟಿಸಂ ಇರುವವರಿಗೆ, ಕತ್ತಲು-ಸದ್ದು ತಡೆಯದವರಿಗೆ, ಇಂಥ ಸಣ್ಣ ಮಕ್ಕಳಿಗೂ ಅನುಕೂಲವಾಗಲಿ ಅಂತ ಬೇರೆ ಪ್ರದರ್ಶನ ಇಡುತ್ತವೆ, ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್ ಅಂತ ಹೆಸರು. ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ಕಡಿಮೆ, ಎದ್ದು ಹೋಗಿ ಬರಲು ಅಡ್ಡಿಯಿಲ್ಲ. ಓದಿದಾಗ ನಗು ಬಂತು. ನಮ್ಮ ಬಯಲಾಟದಿಂದ ಚಂಡೆ ತೆಗೆದ ಹಾಗೆ!

ದೊಡ್ಡವರ ಬಗ್ಗೂ ಒಂದು ಮಾತು. ತಿರುಗಿ ನೋಡಿ ಮುಖ ಗಂಟಿಕ್ಕುವವರಲ್ಲಿ ಅರ್ಧ ಜನರ ಕೈಯಲ್ಲಿ ಮೊಬೈಲ್ ಉರಿಯುತ್ತಿರುತ್ತದೆ. ಆ ಬೆಳಕು ಹಿಂದಿನ ಮೂರು ಸಾಲಿಗೆ ಹೊಡೆಯುತ್ತದೆ. ನಿಮ್ಮ ಮಗಳಿಗೂ ಸುಮ್ಮನಿರಲಿ ಅಂತ ಮೊಬೈಲ್ ಕೊಡಬೇಡಿ, ಅದಕ್ಕಿಂತ ಅಳುವೇ ವಾಸಿ. ಜಾತ್ರೆಯ ಕಂಪನಿ ನಾಟಕಕ್ಕೆ ಮಕ್ಕಳನ್ನು ಕರೆದೊಯ್ಯುವವರು ಮೊದಲು ನೋಡಿ ಬಂದವರನ್ನು ವಿಚಾರಿಸಿ. ಅಲ್ಲಿನ ಕೆಲವು ಮಾತು ಮನೆಗೆ ಬಂದಮೇಲೆ "ಅಂದ್ರೆ ಎಂತದು?" ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಮತ್ತೆ ಆ ನಡೆದರೆ ಮಿಣಮಿಣ ಉರಿಯುವ, ಪೀಂ ಪೀಂ ಅನ್ನುವ ಶೂ ಮನೆಯಲ್ಲೇ ಇರಲಿ. ಶಿರಸಿಯಲ್ಲಿ ಯಾವ ಪ್ರಸಂಗ ಅಂತ ಇಲ್ಲೇ ಬರೆಯಿರಿ, ಬಣ್ಣದ ವೇಷ ಸುಮಾರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ವಿಚಾರಿಸಿ ಹೇಳುತ್ತೇನೆ.