ತಪ್ಪಿಲ್ಲ ಅಂತ ಆಡಿಟ್‌ನವರೂ ಹೇಳ್ತಾರೆ

ನಾನು ಆಪ್ತಸಲಹೆಗಾರ್ತಿ. ಸರ್ಕಾರಿ ಆಸ್ಪತ್ರೆಗಳ ಲೆಕ್ಕಪತ್ರ ವಿಭಾಗದಿಂದ ನನ್ನ ಹತ್ತಿರ ಬಂದವರಲ್ಲಿ ಇವರು ಮೂರನೆಯವರು. ಡಾಕ್ಟರ್, ನರ್ಸ್‌ಗಳ ಸುಸ್ತಿನ ಬಗ್ಗೆ ಆಗಾಗ ಓದುತ್ತೇವೆ. ದುಡ್ಡಿನ ಫೈಲ್ ಮುಂದಿಟ್ಟುಕೊಂಡು ಕೂತವರ ಮಾತು ಬರೋದೇ ಇಲ್ಲ, ಬಂದರೂ ಬೈಗುಳವಾಗಿ ಬರುತ್ತದೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಇದೆ.

ಐವತ್ತರ ಆಸುಪಾಸಿನ ಮಹಿಳೆ. ಲೆಕ್ಕಪತ್ರ ಇಲಾಖೆಯಿಂದ ನಿಯೋಜನೆ ಮೇಲೆ ಒಂದು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬಂದ ಲೆಕ್ಕಾಧಿಕಾರಿ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತೆ, ಮತ್ತೆ ನಿದ್ದೆ ಹತ್ತಲ್ಲ. ಡಾಕ್ಟರ್‌ಗಳು ಬೆನ್ನ ಹಿಂದೆ 'ಕ್ವೆರಿ ಮೇಡಂ' ಅಂತಾರೆ. ಕ್ವೆರಿ ಅಂದರೆ ಫೈಲಿನ ಮೇಲೆ ಬರೆಯೋ ಆಕ್ಷೇಪಣೆ.

ಶುರುವಾಗಿದ್ದು ಡಯಾಲಿಸಿಸ್ ಘಟಕಕ್ಕೆ ನೀರು ಶುದ್ಧ ಮಾಡಿಕೊಡೋ ಆರ್‌ಒ ಪ್ಲಾಂಟ್ ಕೆಟ್ಟಾಗ. ಒಬ್ಬರ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನೀರಿಲ್ಲದಿದ್ದರೆ ಮಿಷನ್ ಇದ್ದೂ ಇಲ್ಲದ ಹಾಗೆ. ರಿಪೇರಿ ಫೈಲ್ ಇವರ ಟೇಬಲ್‌ಗೆ ಬಂತು. ದರಪಟ್ಟಿಗಳ ತುಲನಾತ್ಮಕ ಪಟ್ಟಿಗೆ ಒಂದು ಸಹಿ ಇರಲಿಲ್ಲ, ವಾಪಸ್. ಸಹಿ ಹಾಕಿಸಿಕೊಂಡು ಬಂತು, ಹಳೇ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಪ್ರತಿ ಇಲ್ಲ, ವಾಪಸ್. ಮೂರನೇ ಸಲ ಅನುದಾನದ ಲೆಕ್ಕಶೀರ್ಷಿಕೆ, ಅಂದರೆ ಯಾವ ಬಾಬ್ತಿನ ದುಡ್ಡು ಅನ್ನೋದು, ತಪ್ಪು. ಹತ್ತೊಂಬತ್ತು ದಿನ ಹೋಯಿತು. ಅಷ್ಟು ದಿನ ರೋಗಿಗಳು ಊರೂರು ಅಲೆದರು. ವಾರಕ್ಕೆ ಎರಡು ಮೂರು ಸಲ ಆಗಲೇಬೇಕಾದ ಚಿಕಿತ್ಸೆ ಅದು.

ಒಂದು ಸಂಜೆ ಗೇಟಿನ ಹತ್ತಿರ ಒಬ್ಬ ಹುಡುಗ ಇವರನ್ನು ನಿಲ್ಲಿಸಿ, "ಅಕ್ಕಾ, ನೀರಿನ ಮಿಷನ್ ಯಾವಾಗ ಸರಿಯಾಗುತ್ತೆ, ಗೊತ್ತಾ? ನಮ್ಮಪ್ಪಂಗೆ ಕಾಲೆಲ್ಲ ಊದ್ಕೊಂಡಿದೆ" ಅಂದನಂತೆ. ಇವರು ಕೊರಳಲ್ಲಿದ್ದ ಐಡಿ ಕಾರ್ಡನ್ನು ತಿರುಗಿಸಿ ಹಿಂಬದಿ ಕಾಣೋ ಹಾಗೆ ಹಿಡಿದುಕೊಂಡು, "ಗೊತ್ತಿಲ್ಲಪ್ಪ" ಅಂದು ಆಟೋ ಹತ್ತಿದರು.

ಇದನ್ನು ಹೇಳಿದ್ದು ಮೂರನೇ ಭೇಟಿಯಲ್ಲಿ. ನಾನು ಅಲ್ಲೇ ಎಡವಿದೆ. "ನೀವು ನಿಯಮದ ಪ್ರಕಾರ ಮಾಡಿದ್ದೀರಿ. ಇದರಲ್ಲಿ ನಿಮ್ಮ ತಪ್ಪಿಲ್ಲ" ಅಂದುಬಿಟ್ಟೆ.

ಅವರಿಗೆ ಸಿಟ್ಟೇ ಬಂತು. "ತಪ್ಪಿಲ್ಲ ಅಂತ ಆಡಿಟ್‌ನವರೂ ಹೇಳ್ತಾರೆ ಮೇಡಂ. ಅದನ್ನ ಕೇಳೋಕೆ ನಿಮ್ಮ ಹತ್ರ ಯಾಕೆ ಬರ್ಬೇಕಿತ್ತು?"

ಸುಮ್ನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ: "ಮೂರೂ ಕೊರತೆ ಮೊದಲ ದಿನವೇ ಕಂಡಿದ್ವಾ?"

ನೀರಿನ ಲೋಟವನ್ನು ಟೇಬಲ್ ಮೇಲೆ ಅತ್ತಿತ್ತ ಸರಿಸುತ್ತಾ ಇದ್ದರು. "ಎರಡು ಕಂಡಿದ್ವು" ಅಂದರು. ಆಮೇಲೆ: "ಒಂದು ಕ್ವೆರಿ ಹಾಕಿದ್ರೆ ಫೈಲ್ ನಾಲ್ಕು ದಿನ ನನ್ನ ಟೇಬಲ್ ಮೇಲೆ ಇರಲ್ಲ. ಸಹಿ ಬೀಳೋವರೆಗೆ ಅದು ಕಾಗದ ಮೇಡಂ. ಬಿದ್ದ ಮೇಲೆ ನನ್ನ ಪಿಂಚಣಿ."

ಈ ಹೆದರಿಕೆ ಸುಳ್ಳಲ್ಲ. ಸರ್ಕಾರಿ ಖರೀದಿಗೆ 1999ರ ಕೆಟಿಪಿಪಿ ಕಾಯ್ದೆ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ) ಇದೆ. ತುರ್ತಿಗೆ ಅದರಲ್ಲೇ ದಾರಿಯೂ ಇದೆ. ಆದರೆ ಆ ದಾರಿ ಹಿಡಿದವರನ್ನು ವರ್ಷಗಳ ಮೇಲೆ ಆಡಿಟ್ ಆಕ್ಷೇಪಣೆ ಹುಡುಕಿಕೊಂಡು ಬರಬಹುದು, ನಿವೃತ್ತಿ ಹತ್ತಿರ ಇದ್ದರಂತೂ ಕೇಳೋದೇ ಬೇಡ. ಕೆಟ್ಟು ನಿಂತ ಯಂತ್ರಗಳ ಬಗ್ಗೆ ಸರ್ಕಾರದ ಲೆಕ್ಕ ಪರಿಶೋಧಿಸೋ ಸಿಎಜಿಯ ವರದಿಗಳೂ ಬರೆಯುತ್ತವೆ, ನಿಜ. ಅಲ್ಲಿ ಬೈಸಿಕೊಳ್ಳೋದು ಸಂಸ್ಥೆ. ಖರ್ಚಿಗೆ ಸಹಿ ಹಾಕಿದವರಿಗೆ ಬರೋ ನೋಟೀಸಿನಲ್ಲಿ ಮಾತ್ರ ಹೆಸರಿರುತ್ತದೆ.

ಹಾಗಾಗಿ 'ನಿಯಮ ಸಡಿಲ ಮಾಡಿ' ಅಂತ ನಾನು ಹೇಳಲಿಲ್ಲ. ಹೇಳೋ ಹಕ್ಕೂ ನನಗಿಲ್ಲ. ಹೇಳಿದ್ದು ಎರಡೇ. ಕಂಡ ಆಕ್ಷೇಪಣೆಗಳನ್ನೆಲ್ಲ ಒಂದೇ ಸಲ ಬರೆಯಿರಿ, ಬರೆದ ದಿನವೇ ಆ ವಿಭಾಗಕ್ಕೆ ಒಂದು ಫೋನ್ ಮಾಡಿ. ಮತ್ತೆ ವಾರಕ್ಕೊಂದು ಬೆಳಿಗ್ಗೆ ಅರ್ಧ ಗಂಟೆ ಯಾವ ಫೈಲೂ ಇಲ್ಲದೆ ವಾರ್ಡಿಗೆ ಹೋಗಿ. ನಾಲ್ಕು ವರ್ಷದಲ್ಲಿ ಅವರು ಡಯಾಲಿಸಿಸ್ ಘಟಕದ ಒಳಗೆ ಕಾಲಿಟ್ಟಿರಲಿಲ್ಲ.

'ಆಪ್ತಸಲಹೆಗಾರ್ತಿಗೆ ಕಚೇರಿ ಕೆಲಸದ ಉಸಾಬರಿ ಯಾಕೆ' ಅಂತ ನನ್ನ ಜೊತೆಯವರೇ ಕೇಳಿದ್ದಾರೆ. ಉಸಿರಾಟದ ಅಭ್ಯಾಸ ಹೇಳಿಕೊಡಬಹುದಿತ್ತು, ಕೊಟ್ಟೆ ಕೂಡ. ಆದರೆ ಅವರ ನಿದ್ದೆ ಕೆಡಿಸಿದ್ದು ಮೊದಲ ದಿನವೇ ಕಂಡೂ ಆಮೇಲೆ ಹಾಕಿದ ಆ ಎರಡನೇ ಕ್ವೆರಿ. ಅದನ್ನು ಮುಟ್ಟದೆ ಉಸಿರು ಎಣಿಸಿಕೊಂಡು ಕೂತರೆ ಏನು ಪ್ರಯೋಜನ? ಅಪರಾಧಿ ಭಾವ ಯಾವಾಗಲೂ ಕಾಯಿಲೆಯಲ್ಲ. ಕೆಲವು ಸಲ ಅದು ಸರಿಯಾದ ವಿಳಾಸಕ್ಕೇ ಬಂದಿರುತ್ತದೆ.

ವಾರ್ಡಿಗೆ ಹೋದವರು ನನಗೆ ಹೊಳೆಯದ ಕೆಲಸ ಮಾಡಿದರು. ಯಾವ ಯಂತ್ರದ ಎಎಂಸಿ ಯಾವಾಗ ಮುಗಿಯುತ್ತೆ ಅಂತ ಸಿಸ್ಟರ್‌ಗಳನ್ನೇ ಕೇಳಿ ಒಂದು ಪಟ್ಟಿ ಮಾಡಿದರು. ಮುಗಿಯೋಕೆ ಮೂರು ತಿಂಗಳು ಮೊದಲೇ ಫೈಲ್ ಕೇಳಿ ಈಗ ಇವರೇ ವಿಭಾಗಗಳ ಬೆನ್ನು ಹತ್ತುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆಯ ಖರ್ಚಿಗಾಗಿ ಆಸ್ಪತ್ರೆ ಹಾಕೋ ಕ್ಲೇಮುಗಳು ಯಾಕೆ ತಿರಸ್ಕಾರ ಆಗುತ್ತಿವೆ ಅಂತಲೂ ಅಲ್ಲೇ ತಿಳಿಯಿತು. ಡಿಸ್ಚಾರ್ಜ್ ಸಾರಾಂಶಗಳು ಅರ್ಧಂಬರ್ಧ. ಆಸ್ಪತ್ರೆಗೆ ಬರಬೇಕಾದ ದುಡ್ಡು ಡಾಕ್ಟರ ಕೈಬರಹದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಹೇಳಿದ ಮೇಲೆ ಒಬ್ಬ ಡಾಕ್ಟರ್ ಜೊತೆ ಜಗಳವೂ ಆಯಿತು. ಎಲ್ಲ ಸುಖವಾಗಿದೆ ಅಂತ ನಾನು ಹೇಳುತ್ತಿಲ್ಲ.

ನಿದ್ದೆ ಪೂರ್ತಿ ಸರಿಹೋಗಿಲ್ಲ. ಮನೋವೈದ್ಯರ ಹತ್ತಿರ ಕಳಿಸಿದ್ದೇನೆ, ಮಾತ್ರೆ ನಡೀತಿದೆ. ಆ ಹುಡುಗನನ್ನು ಮತ್ತೆ ನೋಡಿಲ್ಲವಂತೆ. ಅವನ ಅಪ್ಪ ಏನಾದರು ಅಂತ ರಿಜಿಸ್ಟರ್‌ನಲ್ಲಿ ಹುಡುಕೋಣ ಅಂದರೆ ಹೆಸರೇ ಕೇಳಿರಲಿಲ್ಲ.

ಹೋದ ತಿಂಗಳು ಬಂದಾಗ ಐಡಿ ಕಾರ್ಡ್ ಮುಂದೆ ನೇತಾಡುತ್ತಿತ್ತು. "ಇದೊಂದು ಕಾಟ ಮೇಡಂ" ಅಂದರು. "ಹೋದಲ್ಲೆಲ್ಲ ಲಿಫ್ಟ್ ಯಾವಾಗ ರಿಪೇರಿ ಮಾಡಿಸ್ತೀರಿ ಅಂತಾರೆ. ಅದು ಪಿಡಬ್ಲ್ಯುಡಿಯವರದ್ದು, ಅಲ್ವಾ?"